ಎಡಗೈಯ ಬಳೆಗಳು

ನನಗೆ ಬಿಲ್ಲು ಹಿಡಿಯಲು ಕಲಿಸಿದವರು ಮೂರು ತಿಂಗಳ ಕಾಲ ಒಂದು ಮಾತನ್ನು ನನ್ನಿಂದ ಮುಚ್ಚಿಟ್ಟಿದ್ದರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಸೈನ್ಯದಲ್ಲಿದ್ದು ನಿವೃತ್ತರಾಗಿ ಶಿರಹಟ್ಟಿಗೆ ಮರಳಿದವರು. ನಾನು ಪಾಠ ಹೇಳುವ ಶಾಲೆಯ ಹಿಂದಿನ ಬಯಲಿನಲ್ಲಿ ಸಂಜೆ ಹೊತ್ತು ಬಿಲ್ವಿದ್ಯೆ ಕಲಿಸುತ್ತಿದ್ದರು. ನಾನು ಲಕ್ಷ್ಮೇಶ್ವರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಮೂವತ್ತೆರಡು ವರ್ಷದ ಟೀಚರು. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಒಂದು ತಾಸು ಕಾಯಬೇಕಿತ್ತು. ಕಟ್ಟೆಯ ಮೇಲೆ ಕೂತು ಬೇರೆಯವರು ಬಾಣ ಬಿಡುವುದನ್ನು ನೋಡಿ ನೋಡಿ ಸಾಕಾಗಿ, ಒಂದು ದಿನ ಎದ್ದು ಹೋಗಿ, "ಸರ, ನನಗೂ ಕಲಸ್ರಿ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೀರೆ, ಕಂಕುಳಲ್ಲಿ ಚೀಲ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಸೀರೆ ಉಟ್ಟು ಆಗುವುದಿಲ್ಲ ಅನ್ನುತ್ತಾರೆಂದು ನಾನು ಕಾಯುತ್ತಿದ್ದೆ, ತಿರುಗಿ ಏನು ಹೇಳಬೇಕೆಂದೂ ಸಿದ್ಧ ಮಾಡಿಕೊಂಡಿದ್ದೆ. ಅವರು ಅನ್ನಲಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು ಊರಿಗೆಲ್ಲ ಅಕ್ಕಾರು. "ಸೆರಗು ಸೊಂಟಕ್ಕ ಬಿಗೀರಿ ಅಕ್ಕಾರ. ಚಪ್ಪಲ್ ಕಳೀರಿ" ಅಂದರು ಅಷ್ಟೇ.

ಮೊದಲ ಹದಿನೈದು ದಿನ ಬಾಣ ಮುಟ್ಟಲು ಬಿಡಲಿಲ್ಲ. ಬರೀ ನಿಲ್ಲುವುದು. ಎಡಭುಜ ಗುರಿಯ ಕಡೆಗೆ, ಎರಡು ಪಾದಗಳ ನಡುವೆ ಭುಜದಷ್ಟು ಅಂತರ, ಮೈಭಾರ ಎರಡೂ ಕಾಲಿಗೆ ಸಮ. ಹೊಟ್ಟೆ ಒಳಗೆ, ಎದೆ ತೆರೆದಿರಬೇಕು, ಭುಜ ಕಿವಿಯ ಕಡೆಗೆ ಏರಬಾರದು. ಕೇಳಲಿಕ್ಕೆ ಸುಲಭ. ನಾನು ಅಲ್ಲಿಯವರೆಗೆ ಕಲಿತದ್ದೆಲ್ಲ ಇದಕ್ಕೆ ಉಲ್ಟಾ. ತವರಿನಲ್ಲಿ ಹನ್ನೆರಡು ತುಂಬಿದಾಗಿನಿಂದ ಎದೆ ಸೆಟೆಸಿ ನಿಲ್ಲಬೇಡ ಎಂದು ಬೈಸಿಕೊಂಡವಳು. ಗಂಡನ ಮನೆಗೆ ಬಂದ ಮೇಲೆ ಹಿರಿಯರು ಎದುರಾದರೆ ಗೋಡೆಗೆ ಸರಿದು, ಭುಜ ಮುದುಡಿ, ತಲೆ ತಗ್ಗಿಸುವುದು ರೂಢಿಯಾಗಿತ್ತು. ಬಯಲಿನ ಪಕ್ಕದ ದಾರಿಯಲ್ಲಿ ಯಾರೋ ರುಮಾಲಿನ ಅಜ್ಜ ಎಮ್ಮೆ ಹೊಡೆದುಕೊಂಡು ಹೋದರೂ ಸಾಕು, ನನ್ನ ಭುಜ ತಾನಾಗಿಯೇ ಮುಂದಕ್ಕೆ ಕುಸಿಯುತ್ತಿತ್ತು.

"ಅಕ್ಕಾರ, ಆ ಅಜ್ಜ ಎಮ್ಮಿ ಹೊಡಕೊಂಡು ಹೊಂಟಾನ. ನಿಮ್ಮನ್ನ ನೋಡಾಕ ಬಂದಿಲ್ಲ. ನೆಟ್ಟಗ ನಿಂದರ್ರಿ" ಎಂದು ಸರ್ ಕೂಗುತ್ತಿದ್ದರು. ಹೀಗೆ ಎಷ್ಟು ಸಲ ಕೂಗಿಸಿಕೊಂಡೆನೋ. ಹದಿನಾರನೇ ದಿನ ಅದೇ ಅಜ್ಜ ಹಾದಾಗ ನಾನು ಅಲುಗಲಿಲ್ಲ. ಅವನೇ ಎರಡು ಸಲ ತಿರುಗಿ ನೋಡಿದ. ನೋಡಲಿ ಅಂದುಕೊಂಡೆ.

ಆಮೇಲೆ ಎಳೆಯುವುದು. ಬಿದಿರಿನ ಬಿಲ್ಲು. ಅದನ್ನು ಮುಷ್ಟಿ ಬಿಗಿದು ಹಿಡಿಯಬಾರದು, ಹೆಬ್ಬೆರಳಿನ ಬುಡಕ್ಕೆ ಆನಿಸಿಕೊಳ್ಳಬೇಕು. ಬಲಗೈಯ ಮೂರು ಬೆರಳು ದಾರಕ್ಕೆ, ತೋರುಬೆರಳು ಬಾಣದ ಮೇಲೆ, ಇನ್ನೆರಡು ಕೆಳಗೆ. ನಾನು ಬಾವಿಯಿಂದ ನೀರು ಸೇದಿದ ಹಾಗೆ ರಟ್ಟೆಯ ಬಲದಿಂದ ಎಳೆಯುತ್ತಿದ್ದೆ. ಅವರು ತಲೆ ಆಡಿಸಿದರು. "ರಟ್ಟಿ ಅಲ್ಲ, ಬೆನ್ನು. ಬೆನ್ನಾಗಿನ ಎರಡೂ ಎಲುಬು ಹತ್ರ ಬರಬೇಕು. ಮೊಣಕೈ ಹಿಂದಕ್ಕ ಹೋಗಬೇಕು, ಕೈ ಬರೇ ಕೊಂಡಿ ಇದ್ದಂಗ." ದಾರ ಗದ್ದದ ಕೆಳಗೆ ಬಂದು ಕೂರಬೇಕು, ಪ್ರತಿ ಸಲ ಅದೇ ಜಾಗಕ್ಕೆ. ಗದ್ದ ದಾರದ ಕಡೆಗೆ ಹೋಗಬಾರದು, ದಾರವೇ ಗದ್ದಕ್ಕೆ ಬರಬೇಕು. ಎರಡು ತಿಂಗಳಲ್ಲಿ ಇಷ್ಟೂ ಬಂತು. ಗೋಣಿತಾಟಿನಲ್ಲಿ ಜೋಳದ ಒಣ ಕಣಕಿ ತುಂಬಿ ಹೊಲಿದ ಗುರಿಗೆ ಬೇರೆಯವರ ಬಾಣ ತಾಗಿದಾಗ ಬರುವ ಸದ್ದು ನನಗೆ ಬಸ್ಸಿನಲ್ಲೂ ಕೇಳಿಸುತ್ತಿತ್ತು.

ಆದರೆ ನನ್ನ ಬಾಣಗಳೆಲ್ಲ ಗುರಿಯ ಕೆಳಗೇ ಬೀಳುತ್ತಿದ್ದವು. ಗದಗಿನಲ್ಲಿ ಜಿಲ್ಲಾ ತಂಡಕ್ಕೆ ಹೆಂಗಸರ ಆಯ್ಕೆ ನಡೆಯಲಿದೆ ಎಂಬ ಸುದ್ದಿ ಬಂದಿತ್ತು. ನಾನು ಹೋಗಲೇಬೇಕು ಎಂದು ಹಟ ಹಿಡಿದಿದ್ದೆ. ಹುಟ್ಟಿದಾಗಿನಿಂದ ಯಾವುದಕ್ಕೂ ಆಯ್ಕೆ ಆದವಳಲ್ಲ, ಮದುವೆಗೆ ಒಂದನ್ನು ಬಿಟ್ಟರೆ. ಸರ್ ನನ್ನ ಸುತ್ತ ಸುತ್ತು ಹಾಕುವರು, ಕಾಲು ನೋಡುವರು, ಸೊಂಟ ನೋಡುವರು, ಏನೋ ಹೇಳಲು ಬಾಯಿ ತೆರೆದು ಮುಚ್ಚುವರು. "ಎಡಗೈ ಸ್ವಲ್ಪ... ಇರ್ಲಿ ಬಿಡ್ರಿ" ಅನ್ನುವರು. ಬೇರೆ ಎಲ್ಲರಿಗೂ ಎಡ ಮುಂಗೈಗೆ ತೊಗಲಿನ ಪಟ್ಟಿ ಕಟ್ಟುತ್ತಿದ್ದರು, ಬಿಟ್ಟ ದಾರ ಚರ್ಮಕ್ಕೆ ಬಡಿಯದಿರಲೆಂದು. ನನಗೆ ಮಾತ್ರ ಕಟ್ಟಿರಲಿಲ್ಲ.

ಒಂದು ಸಂಜೆ ಹಟಕ್ಕೆ ಬಿದ್ದು ತೋಳನ್ನು ಪೂರ್ತಿ ಚಾಚಿ ಬಾಣ ಬಿಟ್ಟೆ. ದಾರ ಬಂದು ಎಡಗೈಯ ಬಳೆಗಳಿಗೆ ಬಡಿಯಿತು. ನಾಲ್ಕು ಬಳೆ ಪುಡಿಯಾಗಿ, ಒಂದು ಚೂರು ಮುಂಗೈಯೊಳಗೆ ಹೊಕ್ಕು ರಕ್ತ ಬಂತು. ಬಾಣ ಮಾತ್ರ ಗುರಿಯ ನಟ್ಟನಡುವೆ ಹೋಗಿ ನಾಟಿತ್ತು. ಆಗ ನನಗೆ ಹೊಳೆಯಿತು. ಮೂರು ತಿಂಗಳಿಂದ ನಾನು ನನಗೇ ಗೊತ್ತಿಲ್ಲದೆ ಬಳೆ ಉಳಿಸಿಕೊಳ್ಳಲು ಮೊಣಕೈ ಬಗ್ಗಿಸುತ್ತಿದ್ದೆ. ಅದಕ್ಕೇ ದಾರ ಗದ್ದಕ್ಕೆ ಬಂದರೂ ಬಿಲ್ಲು ಪೂರ್ತಿ ಬಾಗುತ್ತಿರಲಿಲ್ಲ, ಬಾಣ ದೂರ ಹೋಗುತ್ತಿರಲಿಲ್ಲ.

"ನಿಮಗ ಗೊತ್ತಿತ್ತೇನ್ರಿ ಸರ?" ಅಂದೆ. ಅವರು ಕರವಸ್ತ್ರ ಕೊಟ್ಟು ಬೇರೆ ಕಡೆ ನೋಡುತ್ತ ನಿಂತರು.

"ಮೊದಲ್ನೇ ದಿನದಿಂದ ಗೊತ್ತಿತ್ರಿ ಅಕ್ಕಾರ. ಬಳಿ ತೆಗೀರಿ ಅಂತ ಮುತ್ತೈದಿಗೆ ಹ್ಯಾಂಗ ಹೇಳ್ಲಿ? ನಮ್ಮ ಬಾಯಾಗ ಬರಬಾರದ ಮಾತ್ರೀ ಅದು."

ಗುಂಡಿನ ಸದ್ದಿಗೆ ಹೆದರದ ಮನುಷ್ಯ! ಬಳೆ ತೆಗೆಯುವುದೆಂದರೆ ಗಂಡ ಸತ್ತಾಗ ಎಂದೇ ನಮ್ಮಲ್ಲಿ ಅರ್ಥ, ನನಗೂ ಗೊತ್ತು. ಆದರೂ ಮೂರು ತಿಂಗಳು! "ನನ್ನ ಕೈಯಾಗಿನ ಬಳಿ ಸುದ್ದಿ ನನಗ ಬಿಟ್ಟು ಉಳದವರಿಗೆಲ್ಲಾ ಗೊತ್ತೈತಿ ನೋಡ್ರಿ" ಎಂದು ಬೈದೆ. ಬೈದು, ಎಡಗೈಯಲ್ಲಿ ಉಳಿದ ಎಂಟು ಬಳೆಗಳನ್ನೂ ಅಲ್ಲೇ ಒಂದೊಂದಾಗಿ ತೆಗೆದೆ. ಚೀಲಕ್ಕೆ ಹಾಕಿದರೆ ಒಡೆಯುತ್ತವೆ. ಬಲಗೈಯ ಹನ್ನೆರಡರ ಜೊತೆಗೆ ಏರಿಸಿಕೊಂಡೆ. "ಈಗ ಪಟ್ಟಿ ಕಟ್ರಿ" ಎಂದು ಬರಿಯ ಎಡಗೈ ಚಾಚಿದೆ.

ಮನೆಯಲ್ಲಿ ಅತ್ತೆಯ ಕಣ್ಣು ಮೊದಲು ಬಿದ್ದದ್ದೇ ಆ ಕೈ ಮೇಲೆ. ಮಾವ ತೀರಿಕೊಂಡು ಆರು ವರ್ಷವಾಗಿತ್ತು, ಅಂದಿನಿಂದ ಅತ್ತೆಯ ಎರಡೂ ಕೈ ಬರಿದು. ಬಳೆಗಾರ್ತಿ ಬಂದಾಗ ತಾವು ದೂರ ಕಂಬಕ್ಕೆ ಒರಗಿ ಕೂತು, ನನ್ನ ಕೈಗೆ ಬಣ್ಣ ಆರಿಸಿ ಅವಳಿಂದ ತೊಡಿಸುವರು. ಒಂದು ಬಳೆಯನ್ನೂ ತಾವು ಮುಟ್ಟುವವರಲ್ಲ.

"ನನ್ನ ಮಗ ಕಲ್ಲಿನಂಗ ಗಟ್ಟಿ ಅದಾನ. ಎಡಗೈ ಬೋಳು ಮಾಡ್ಕೊಂಡು ಬಂದಿಯಲ್ಲ, ಏನ ಬಂದೈತಿ ನಿನಗ?" ಅಂದರು. ಕಲ್ಲಿನಂಥ ಮಗ ಅಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದ. ನಾನು ಅವನ ಮುಖ ನೋಡಿದೆ. ಅವನು ಪಲ್ಯ ನೋಡಿದ.

"ನಿಮ್ಮ ಮಗ ನನ್ನ ಬಳಿ ಆಧಾರದ ಮ್ಯಾಲ ಉಸರಾಡಾಕತ್ತಿಲ್ರಿ ಅತ್ತ್ಯಾರ. ಬಳಿ ಬಿಟ್ಟಿಲ್ಲ, ಎಲ್ಲಾ ಬಲಗೈಯಾಗ ಅದಾವ. ಎಡಗೈ ಬಿಲ್ಲಿಗೆ ಬೇಕು."

"ಹಂಗ ಹಾಕ್ಕೊಂಡ್ರ ಬಳಿ ಅನ್ನೂದಿಲ್ಲ, ಚ್ಯಾಷ್ಟಿ ಅಂತಾರ" ಎಂದು ಎದ್ದು ಹೋದರು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅಕ್ಕಪಕ್ಕದವರು ಬಂದು ನನ್ನ ಕೈ ನೋಡಿ, ಗಂಡನ ಆರೋಗ್ಯ ವಿಚಾರಿಸಿ ಹೋದರು. ಚೆನ್ನಾಗಿದ್ದಾರೆ, ಎರಡು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಾರೆ ಎಂದು ಪ್ರತಿಯೊಬ್ಬರಿಗೂ ಹೇಳಿದೆ.

ಬಲಗೈಯಲ್ಲಿ ಇಪ್ಪತ್ತು ಬಳೆ ತೊಟ್ಟು ಬಿಲ್ಲು ಎಳೆದರೆ ಏನಾಗುತ್ತದೆ ಎಂದು ನಾನೂ ಯೋಚಿಸಿರಲಿಲ್ಲ. ದಾರ ಗದ್ದಕ್ಕೆ ತಂದು ನಿಲ್ಲಿಸಿದಾಗ ಅವು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು. ಸರ್ ಮೊದಲು ಮುಖ ಕಿವುಚಿದರು, ಆಮೇಲೆ ಕಿವಿಗೊಟ್ಟು ಕೇಳಿದರು. ಮರುದಿನದಿಂದ ಅವರು ನನ್ನ ಕೈ ನೋಡುವುದನ್ನೇ ಬಿಟ್ಟು, ಬೆನ್ನು ತಿರುಗಿಸಿ ನಿಂತು ಕಲಿಸತೊಡಗಿದರು. "ಸಪ್ಪಳ ಬಂತು, ಕೈ ನಡಗೇತಿ. ಬಾಣ ಇಳಿಸ್ರಿ. ಮತ್ತ ಎಳೀರಿ." ರಟ್ಟೆಯಿಂದ ಎಳೆದರೆ ಬಳೆ ಸುಮ್ಮನಿರುತ್ತಿರಲಿಲ್ಲ. ಬೆನ್ನಿನಿಂದ ಎಳೆದು ಹಿಡಿದರೆ ಇಪ್ಪತ್ತೂ ಸುಮ್ಮನಾಗುತ್ತಿದ್ದವು. ಬಾಣ ಬಿಟ್ಟು ಕೈ ಕುತ್ತಿಗೆಯ ಪಕ್ಕಕ್ಕೆ ಹಿಂದೆ ಸರಿದಾಗ ಮಾತ್ರ ಒಮ್ಮೆ ಸದ್ದು. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುವ ಸಂಜೆಗಳಲ್ಲೂ ನಾನು ಎಂಟು ಎಣಿಸುವವರೆಗೆ ಅವನ್ನು ಸುಮ್ಮನಿರಿಸಲು ಕಲಿತೆ.

ಗದಗಿನ ಮೈದಾನಕ್ಕೆ ಆಯ್ಕೆಯ ದಿನ ಬೆಳಿಗ್ಗೆ ಹೋದೆ. ಸೆರಗು ಬಿಗಿದು ಗೆರೆಯ ಹತ್ತಿರ ನಿಂತಿದ್ದಾಗ ತೀರ್ಪುಗಾರರೊಬ್ಬರು ಬಂದರು. ನಮ್ಮ ಕಡೆಯವರಲ್ಲ, ಮಾತಿನಲ್ಲೇ ಗೊತ್ತಾಗುತ್ತಿತ್ತು. "ಮೇಡಂ, ಇದೇನು ಸೀಮಂತದ ಕಾರ್ಯಕ್ರಮವೇ? ಆ ಬಳೆಗಳನ್ನು ತೆಗೆದಿಟ್ಟು ಬನ್ನಿ" ಅಂದು ನಕ್ಕರು. ಪಕ್ಕದಲ್ಲಿದ್ದ ಇಬ್ಬರೂ ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ತೆಗೆಯುವುದು ನನಗೆ ದೊಡ್ಡ ಮಾತಾಗಿರಲಿಲ್ಲ, ಎಡಗೈಯದನ್ನು ತೆಗೆದವಳು ನಾನೇ. ಆದರೆ ಮನೆಯಲ್ಲಿ ತೆಗೆಯಬೇಡ ಅನ್ನಿಸಿಕೊಂಡು, ಇಲ್ಲಿ ತೆಗೆ ಅನ್ನಿಸಿಕೊಂಡು, ನಡುವೆ ಈ ಕೈ ಯಾರದು?

"ನಿಯಮದ ಪುಸ್ತಕದಾಗ ಎಲ್ಲಿ ಬರದಾರ, ತೋರಸ್ರಿ. ತೆಗೀತೀನಿ" ಅಂದೆ. ಅವರು ನಿಜವಾಗಿಯೂ ಪುಸ್ತಕ ತಂದು ಹಾಳೆ ತಿರುವಿದರು. ಸಿಗಲಿಲ್ಲ. ಸದ್ದಿನಿಂದ ಬೇರೆಯವರಿಗೆ ತೊಂದರೆ ಎಂದರು. "ಬಾಣ ಬಿಡೂಕಿಂತ ಮೊದಲ ಒಂದ ಬಳಿ ಸಪ್ಪಳ ಮಾಡಿದ್ರೂ ನನ್ನನ್ನ ಹೊರಗ ಹಾಕ್ರಿ" ಅಂದೆ. ದೂರದಲ್ಲಿ ನಿಂತಿದ್ದ ಸರ್ ಹಣೆ ಹಿಡಿದುಕೊಂಡರು.

ಮೊದಲ ಬಾಣ ಸಿಟ್ಟಿನಲ್ಲಿ ಹೋಯಿತು, ಗುರಿಯ ಅಂಚಿಗೆ. ಬಳೆ ಸುಮ್ಮನಿದ್ದರೂ ಸಿಟ್ಟು ಭುಜಕ್ಕೆ ಏರಿತ್ತು. ಉಸಿರು ಬಿಟ್ಟು ಭುಜ ಇಳಿಸಿದೆ. ಪಾದ ನೋಡಿಕೊಂಡೆ. ತೀರ್ಪುಗಾರರು ನನ್ನ ಬೆನ್ನ ಹಿಂದೆಯೇ ನಿಂತು ಕಿವಿ ಕೊಟ್ಟಿದ್ದರು. ಒಬ್ಬ ಅಪರಿಚಿತ ಗಂಡಸು ಅಷ್ಟು ಹತ್ತಿರ ನಿಂತಿದ್ದರೂ ನನ್ನ ಎದೆ ಮುದುಡಲಿಲ್ಲ. ಬೆನ್ನಿನಿಂದ ಎಳೆದೆ. ದಾರ ಗದ್ದಕ್ಕೆ ಬಂದು ಕೂತಿತು. ಬಳೆಗಳು ಮಿಸುಕಲಿಲ್ಲ. ಬಿಟ್ಟೆ. ಆಮೇಲಿನ ಬಾಣಗಳೆಲ್ಲ ಹಾಗೆಯೇ ಹೋದವು. ತಂಡದ ಪಟ್ಟಿ ಓದಿದಾಗ ನನ್ನ ಹೆಸರು ಕಟ್ಟಕಡೆಗೆ ಬಂತು. ಕಡೆಯದಾದರೇನು, ಬಂತು.

ಸಂಜೆ ಮನೆಗೆ ಬಂದು ನಡೆದದ್ದನ್ನೆಲ್ಲ ಅತ್ತೆಗೆ ಕೇಳುವ ಹಾಗೆ ಗಂಡನಿಗೆ ಹೇಳಿದೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. ಮುಖ ಅರಳಿತ್ತು.

"ಅವ ಅಷ್ಟು ಮಂದಿ ಮುಂದ ಅಂದ್ರೂ ಬಳಿ ತೆಗೀಲಿಲ್ಲ ಹೌದಲ್ಲ? ನನ್ನ ಮಾತ ಉಳಿಸಿದಿ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಮನೆಯಲ್ಲಿ ಎಲ್ಲ ಸರಿಹೋಗುತ್ತಿತ್ತು. ಗಂಡ ಕಣ್ಣಲ್ಲೇ ಸುಮ್ಮನಿರು ಅಂದ. ನನ್ನಿಂದ ಆಗಲಿಲ್ಲ.

"ನಿಮ್ಮ ಸಲುವಾಗಿ ಅಲ್ರಿ ಅತ್ತ್ಯಾರ. ಎಡಗೈದು ತೆಗದದ್ದೂ ನನ್ನ ಸಲುವಾಗಿ, ಬಲಗೈದು ಇಟ್ಕೊಂಡದ್ದೂ ನನ್ನ ಸಲುವಾಗಿ. ಕೈ ನಂದು."

ಬೈಯುತ್ತಾರೆಂದು ನೆಟ್ಟಗೆ ನಿಂತೆ. ಅವರು ಬೈಯಲಿಲ್ಲ. ಹೊಸ್ತಿಲ ಹತ್ತಿರ ಕೂತು ತಮ್ಮ ಎರಡೂ ಮುಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದರು.

"ನನಗ ಯಾರೂ ಕೇಳಲಿಲ್ಲವಾ" ಅಂದರು. "ತೊಡಸೂಮುಂದನೂ ಕೇಳಲಿಲ್ಲ, ಒಡೆಯೂಮುಂದನೂ ಕೇಳಲಿಲ್ಲ."

ನಾನು ಅವರ ಎದುರು ನೆಲದ ಮೇಲೆ ಕೂತೆ. ಬಲಗೈಯಿಂದ ಎರಡು ಬಳೆ ತೆಗೆದು ಹಿಡಿದೆ. "ನಾ ಕೇಳ್ತೀನ್ರಿ ಈಗ. ಹಾಕ್ಕೋತೀರೇನು?"

"ಹುಚ್ಚಿ ಅದಿ. ಮಂದಿ ಏನಂದಾರು, ಮಾನ ಮರ್ಯಾದಿ ಐತಿಲ್ಲ ನಿನಗ?" ಎಂದು ಅವರು ಒಂದೇ ಸಮನೆ ಬೈಯತೊಡಗಿದರು. ಆದರೆ ಮಡಿಲಲ್ಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.