ರಾಜಿ ಟೀಚರಮ್ಮನ ಹೊಟ್ಟೆಕಿಚ್ಚು

ಮತ್ತಿಕೆರೆಯಲ್ಲಿ ದ್ರೌಪದಮ್ಮನವರನ್ನು ಎಲ್ಲರೂ ರಾಜಿ ಟೀಚರಮ್ಮ ಎನ್ನುತ್ತಿದ್ದರು. ಅಲ್ಲಿನ ಕನ್ನಡ ಶಾಲೆಯಲ್ಲಿ ಅವರು ಸಮಾಜ ಪಾಠ ಹೇಳುತ್ತಿದ್ದರು. ಯಾರ ಜಡೆ ಯಾರು ಎಳೆದರೂ, ಯಾರ ಬುತ್ತಿಗೆ ಯಾರು ಮಣ್ಣು ಹಾಕಿದರೂ ಮಕ್ಕಳು ಓಡಿ ಬರುತ್ತಿದ್ದುದು ಅವರ ಹತ್ತಿರಕ್ಕೇ. ಇಬ್ಬರ ಮಾತನ್ನೂ ಅರ್ಧಂಬರ್ಧ ಕೇಳಿ, ತಪ್ಪು ಮಾಡಿದವರ ಕಿವಿ ಹಿಂಡಿ, ಕೈಗೆ ಕೈ ಕೂಡಿಸಿ ಕಳಿಸುತ್ತಿದ್ದರು. ಬೀದಿಯ ಹೆಂಗಸರು ಸಹ ನಲ್ಲಿಯ ಜಗಳ ಹೊತ್ತು ಅವರ ಮನೆ ಜಗಲಿಗೆ ಬರುವುದಿತ್ತು. ಹೀಗೆ ರಾಜಿ ಮಾಡಿಸಿ ಗಳಿಸಿದ ಆ ಹೆಸರೆಂದರೆ ದ್ರೌಪದಮ್ಮನವರಿಗೆ ಪ್ರಾಣ.

೧೯೮೬ರಲ್ಲಿ ಯಲಹಂಕದ ಒಂದು ಸಂಸ್ಥೆಯವರು ಶಿಕ್ಷಕರಿಗೆ ತರಬೇತಿ ಇಟ್ಟುಕೊಂಡರು. ಮಕ್ಕಳ ಜಗಳವನ್ನು ಮಕ್ಕಳೇ ಕೂತು ಬಗೆಹರಿಸುವಂತೆ ಅವರನ್ನು ತಯಾರು ಮಾಡುವುದು ಹೇಗೆ ಎಂಬುದೇ ಅಲ್ಲಿನ ಪಾಠ. ಶಾಲೆಗೊಬ್ಬರು ಕಲಿತು ಬಂದು ಉಳಿದವರಿಗೆ ಕಲಿಸಬೇಕು. ತಮ್ಮನ್ನು ಬಿಟ್ಟು ಇನ್ಯಾರನ್ನು ಕಳಿಸುತ್ತಾರೆ ಎಂದುಕೊಂಡು ದ್ರೌಪದಮ್ಮ ಹೊಸ ಸೀರೆಗೆ ಫಾಲ್ ಹೊಲಿಸಿದರು. ಹೆಡ್ ಮೇಷ್ಟ್ರು ಮುನಿವೆಂಕಟಯ್ಯ ಮಾತ್ರ ನಜ್ಮುನ್ನೀಸಾಳನ್ನು ಕಳಿಸಿದರು. ಆಕೆ ಈಚೆಗೆ ಸೇರಿದ್ದ ವಿಜ್ಞಾನದ ಟೀಚರ್, ಇನ್ನೂ ಮದುವೆಯಾಗದ ಹುಡುಗಿ.

"ಅವಳಿಗೆ ಇಂಗ್ಲಿಷ್ ಬರುತ್ತಂತೆ. ಜಗಳ ಬಿಡ್ಸೋಕೆ ಇಂಗ್ಲಿಷ್ ಯಾಕ್ರೀ ಬೇಕು?" ಎಂದು ಮನೆಯಲ್ಲಿ ಗಂಡ ಬ್ಯಾಟರಾಯಪ್ಪನ ಮುಂದೆ ಕೂಗಾಡಿದರು.

"ಹೋಗ್ಲಿ ಬಿಡೇ, ನಿಂಗೆ ಬಸ್ ಹತ್ತಿ ಇಳಿಯೋ ಕಷ್ಟ ತಪ್ತು," ಎಂದ ಆತ. ಆ ಸಮಾಧಾನ ಅವರ ಉರಿಯನ್ನು ಇನ್ನಷ್ಟು ಹೆಚ್ಚಿಸಿತು.

ನಜ್ಮುನ್ನೀಸಾ ಕಲಿತು ಬಂದವಳೇ ಮೇಲಿನ ತರಗತಿಗಳಿಂದ ಕೆಲವರನ್ನು ಆರಿಸಿಕೊಂಡಳು. ಮಧ್ಯಾಹ್ನದ ಬಿಡುವಿನಲ್ಲಿ ಅವರು ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಜಗಳವಾಡಿದವರು ಬಂದು ಸರದಿಯಲ್ಲಿ ಮಾತಾಡಬೇಕು. ರಾಜಿ ಮಾಡಿಸುವ ಮಕ್ಕಳು ಯಾರದು ತಪ್ಪೆಂದು ಹೇಳುವಂತಿಲ್ಲ. ಕೇಳಿದ್ದನ್ನು ತಿರುಗಿ ಹೇಳಿ ಸರಿಯೆನ್ನಿಸಿಕೊಂಡು, ಮುಂದೇನು ಮಾಡೋಣವೆಂದು ಅವರನ್ನೇ ಕೇಳಬೇಕು. ಟೀಚರು ದೂರದಲ್ಲಿ ಬಾಯಿ ಮುಚ್ಚಿಕೊಂಡಿರಬೇಕು.

ಇದು ನಾಕು ದಿನದ ಆಟ ಎಂದುಕೊಂಡಿದ್ದರು ದ್ರೌಪದಮ್ಮ. ಆದರೆ ಮಕ್ಕಳು ಮರದ ಕೆಳಗೆ ಹೋಗುತ್ತಲೇ ಇದ್ದರು. ಸ್ಟಾಫ್ ರೂಮಿನ ಬಾಗಿಲಿಗೆ ಬಂದು "ಮಿಸ್, ಅವ್ನು ಹೊಡ್ದ" ಎನ್ನುವವರೇ ಇಲ್ಲವಾದರು. ಕಿಟಕಿಯಿಂದ ನೋಡಿದರೆ ನಜ್ಮುನ್ನೀಸಾಳ ಸುತ್ತ ಹುಡುಗಿಯರ ಗುಂಪು. ಆಕೆಯ ನಗು ಕೇಳಿದರೆ ದ್ರೌಪದಮ್ಮ ಬುತ್ತಿ ಮುಚ್ಚಿಟ್ಟು ಕಿಟಕಿ ಹಾಕಿಬಿಡುತ್ತಿದ್ದರು.

ಒಂದು ದಿನ ಮರದ ಕೆಳಗೆ ಇಬ್ಬರ ರಾಜಿ ಮಾಡಿಸಿ ಎದ್ದು ಬಂದ ಏಳನೇ ಕ್ಲಾಸಿನ ಮಲ್ಕಾಳನ್ನು ತಡೆದು ಕೇಳಿದರು: "ಏನಂತೇ ಅವರಿಬ್ಬರ ಜಗಳ?"

"ಅದನ್ನ ಹೊರಗೆ ಹೇಳಂಗಿಲ್ಲ ಮಿಸ್."

"ನಂಗೂನಾ?"

ಮಲ್ಕಾ ತಲೆ ತಗ್ಗಿಸಿ ಕ್ಲಾಸಿನ ಕಡೆ ನಡೆದುಬಿಟ್ಟಳು. ಇಡೀ ಬೀದಿಯ ಗುಟ್ಟು ತಿಳಿದಿದ್ದ ದ್ರೌಪದಮ್ಮ ಒಂದು ಮಗುವಿನಿಂದ ಆ ಮಾತು ಕೇಳಬೇಕಾಯಿತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಉಳಿದ ಶಿಕ್ಷಕರಿಗೆ ನಜ್ಮುನ್ನೀಸಾ ಪಾಠ ಶುರು ಮಾಡಿದಳು. ಮಕ್ಕಳು ಹೇಗೆ ನಡೆಸುತ್ತಾರೆಂದು ತೋರಿಸಲು ಮಲ್ಕಾಳನ್ನು ಉಳಿಸಿಕೊಂಡಿದ್ದಳು. ಇಬ್ಬರು ಟೀಚರು ಕಿಟಕಿ ಪಕ್ಕದ ಕುರ್ಚಿಗಾಗಿ ಜಗಳವಾಡಿದಂತೆ ನಟಿಸಬೇಕಿತ್ತು. ಒಬ್ಬಳು ತಾನೇ ಆಗುತ್ತೇನೆಂದು ನಜ್ಮುನ್ನೀಸಾ ಮಲ್ಕಾಳ ಎದುರಿನ ಕುರ್ಚಿಯಲ್ಲಿ ಕೂತಳು. ಇನ್ನೊಬ್ಬರಾಗಿ ದ್ರೌಪದಮ್ಮನವರನ್ನು ಹೆಡ್ ಮೇಷ್ಟ್ರೇ ಎಬ್ಬಿಸಿ ಕಳಿಸಿದರು.

"ಏನಾಯ್ತು, ಹೇಳಿ ಮಿಸ್," ಎಂದಳು ಮಲ್ಕಾ.

"ಆ ಕುರ್ಚಿ ನಂದು. ಇವಳು ಬಂದು ಕೂತ್ಕೊಂಡ್ಳು," ಎಂದು ದ್ರೌಪದಮ್ಮ ಆಟದಂತೆಯೇ ಶುರು ಮಾಡಿದರು.

"ಆಗ ನಿಮ್ಗೆ ಏನನ್ನಿಸ್ತು?"

ಅವರನ್ನು ಹಾಗೆ ಯಾರೂ ಕೇಳಿದ್ದಿಲ್ಲ. ಮುಖ ಕೆಂಪಾಯಿತು. "ಏನನ್ನಿಸುತ್ತೆ? ಹೊಟ್ಟೆ ಉರೀತು. ಇಷ್ಟು ವರ್ಷ ಮಕ್ಕಳು ನನ್ನ ಹತ್ರ ಬರ್ತಿದ್ರು. ಈಗ ನೀನೂ ಬರಲ್ಲ."

ಕುರ್ಚಿಯ ಮಾತು ಇದಲ್ಲವೆಂದು ಎಲ್ಲರಿಗೂ ತಿಳಿಯಿತು. ಮಲ್ಕಾ ಮಾತ್ರ ಕಲಿಸಿದ್ದನ್ನು ಬಿಡಲಿಲ್ಲ.

"ಮಕ್ಕಳು ಬರ್ತಿಲ್ಲ ಅಂತ ದ್ರೌಪದಮ್ಮ ಮಿಸ್‌ಗೆ ಹೊಟ್ಟೆ ಉರೀತು. ನಾನು ಸರಿಯಾಗಿ ಹೇಳಿದ್ನಾ ಮಿಸ್?"

ಯಾರೋ ನಗು ತಡೆದುಕೊಂಡರು. "ಸರಿಯಾಗೇ ಹೇಳ್ದೆ," ಎಂದರು ದ್ರೌಪದಮ್ಮ. ಕಣ್ಣಲ್ಲಿ ನೀರಿತ್ತು.

ಸರದಿ ಬಂದಾಗ ನಜ್ಮುನ್ನೀಸಾ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ಯಲಹಂಕಕ್ಕೆ ನೀವೇ ಹೋಗ್ಬೇಕಿತ್ತು ಮೇಡಂ. ನಂಗೂ ಹಾಗೇ ಅನ್ಸಿತ್ತು. ಆದ್ರೆ ಸಾರ್ ನನ್ನ ಹೆಸರು ಹೇಳಿದಾಗ ಸುಮ್ನಿದ್ದೆ. ನಂಗೂ ಹೋಗೋ ಆಸೆ ಇತ್ತು."

ಮುನಿವೆಂಕಟಯ್ಯ ಕೆಮ್ಮಿ ಹೊರಗೆ ನೋಡಿದರು.

"ಮುಂದೇನ್ ಮಾಡೋಣ?" ಎಂದಳು ಮಲ್ಕಾ.

ದ್ರೌಪದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಂದಿನ ತರಬೇತಿಗೆ ನನ್ನ ಕಳ್ಸಿ. ಇಂಗ್ಲಿಷ್ ಅರ್ಥವಾಗದಿದ್ರೆ ಪಕ್ಕದವರನ್ನ ಕೇಳ್ಕೋತೀನಿ," ಎಂದರು. ನಜ್ಮುನ್ನೀಸಾ ತಕ್ಷಣ ಒಪ್ಪಿದಳು, ಹೆಡ್ ಮೇಷ್ಟ್ರೂ ತಲೆಯಾಡಿಸಿದರು.

ಅವರು ಹೋದರು. ತೀರ್ಪು ಹೇಳದೆ ಕೂರುವ ಪಾಠ ಅವರಿಗೆ ತುಂಬಾ ಕಷ್ಟವಾಯಿತು. ಮಾತು ಬಾಯಿಗೆ ಬಂದಾಗಲೆಲ್ಲ ಏಲಕ್ಕಿ ಅಗಿಯುತ್ತಿದ್ದರಂತೆ. ಆದರೂ ಕಲಿತರು, ಚೆನ್ನಾಗಿಯೇ ಕಲಿತರು. ಆಮೇಲೆ ಸುತ್ತಲ ಶಾಲೆಗಳು ತಮ್ಮ ಶಿಕ್ಷಕರಿಗೂ ಕಲಿಸಿಕೊಡಿ ಎಂದು ಕರೆದಾಗ ಇಬ್ಬರನ್ನೂ ಒಟ್ಟಿಗೆ ಕಳಿಸುತ್ತೇನೆಂದರು ಹೆಡ್ ಮೇಷ್ಟ್ರು.

"ಒಟ್ಟಿಗೆ ಬೇಡ ಸಾರ್," ಎಂದುಬಿಟ್ಟರು ದ್ರೌಪದಮ್ಮ. "ಇವಳಿಗೆ ಜಾಸ್ತಿ ಚಪ್ಪಾಳೆ ಬಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ."

ನಜ್ಮುನ್ನೀಸಾ ಜೋರಾಗಿ ನಕ್ಕಳು. ದ್ರೌಪದಮ್ಮ ನಗಲಿಲ್ಲ, ನಿಜವನ್ನೇ ಹೇಳಿದ್ದರು. ಕೊನೆಗೆ ಹೆಬ್ಬಾಳದ ಕಡೆಯ ಶಾಲೆಗಳು ನಜ್ಮುನ್ನೀಸಾಳಿಗೆ, ದಾಸರಹಳ್ಳಿಯ ಕಡೆಯವು ದ್ರೌಪದಮ್ಮನವರಿಗೆ ಎಂದು ಇಬ್ಬರೇ ಕೂತು ಹಂಚಿಕೊಂಡರು. ದ್ರೌಪದಮ್ಮ ನಿವೃತ್ತರಾಗುವವರೆಗೂ ಆ ಒಪ್ಪಂದವನ್ನು ಇಬ್ಬರೂ ಮೀರಲಿಲ್ಲ.