ಕರಿಕಲ್ಲಿನ ಗೋಡೆಗೆ ಮೆತ್ತಿದ ಸಿಮೆಂಟು

ಹತ್ತು ವರ್ಷ ನಾನು ದಿನಾ ಬೆಳಿಗ್ಗೆ ಒಂದು ಗೋಡೆಯನ್ನು ಮುಟ್ಟಿ ನೋಡಿದ್ದೇನೆ. ಆಫೀಸಿಗೆ ಬಂದವರು ಮೊದಲು ಹಾಜರಿ ಮಸ್ಟರಿಗೆ ಸಹಿ ಹಾಕುತ್ತಿದ್ದರು. ನಾನು ನೇರ ಹಿಂದಿನ ಕೋಣೆಗೆ ಹೋಗಿ ಅಂಗೈಯನ್ನು ಗೋಡೆಗೆ ಒತ್ತುತ್ತಿದ್ದೆ. ಒಣಗಿತೇ? ಇಲ್ಲ. ಮತ್ತೆ ಊಟದ ಹೊತ್ತಿಗೆ ಎದ್ದು ಹೋಗುತ್ತಿದ್ದೆ. ಇವನಿಗೆ ಗೋಡೆಯ ಹುಚ್ಚು ಎಂದು ಜೊತೆಯವರು ನಗುತ್ತಿದ್ದರು. ನಿಜ ಹೇಳುವುದಕ್ಕಿಂತ ಹುಚ್ಚ ಅನ್ನಿಸಿಕೊಳ್ಳುವುದೇ ಸುಲಭವಿತ್ತು.

ಪುಣೆಯ ಆ ಸರಕಾರಿ ಕಚೇರಿ ಬ್ರಿಟಿಷರ ಕಾಲದ್ದು. ಕರಿಕಲ್ಲಿನ ಎರಡು ಅಂತಸ್ತು, ಎರಡೂವರೆ ಅಡಿ ದಪ್ಪದ ಗೋಡೆ, ಹಿಂಬದಿ ಬಿಟ್ಟು ಮೂರು ಕಡೆ ಕಮಾನಿನ ಪಡಸಾಲೆ, ಸಾಗುವಾನಿ ಮೆಟ್ಟಿಲು, ಮೇಲೆ ಮಂಗಳೂರು ಹೆಂಚು. ಮೊದಲು ಅದು ಖಜಾನೆಯಾಗಿತ್ತಂತೆ. ಕೆಳಗಿನ ಒಂದು ಕೋಣೆಗೆ ಕಬ್ಬಿಣದ ಬಾಗಿಲಿತ್ತು, ಅದರೊಳಗೆ ನಮ್ಮವರು ಕಾಲು ಮುರಿದ ಕುರ್ಚಿಗಳನ್ನು ಭದ್ರವಾಗಿ ಇಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಒಂದೊಂದು ವಿಭಾಗವೂ ಪಡಸಾಲೆಗೆ ಪ್ಲೈವುಡ್ ಹೊಡೆದು ತನಗೊಂದು ಕ್ಯಾಬಿನ್ ಮಾಡಿಕೊಂಡಿತ್ತು. ಗಾಳಿಗೆಂದೇ ಕಟ್ಟಿದ ಕಮಾನಿನ ಕೆಳಗೆ ಫ್ಯಾನು ಗರಗರ ತಿರುಗುತ್ತಿತ್ತು.

ನಮ್ಮ ಮನೆಮಾತು ಧಾರವಾಡದ ಕನ್ನಡ, ಓದಿದ್ದು ಪುಣೆಯ ಮರಾಠಿ ಶಾಲೆಯಲ್ಲಿ. ತೊಂಬತ್ತರ ದಶಕದ ನಡುವೆ ಅಲ್ಲಿ ಕಿರಿಯ ಇಂಜಿನಿಯರ್ ಆಗಿ ಸೇರಿದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಸ್ವಭಾವ ನನ್ನದು; ಕುದಿಯುವ ಚಹಾ ಆರುವವರೆಗೂ ಕಾಯದೆ ನಾಲಿಗೆ ಸುಟ್ಟುಕೊಳ್ಳುವವನು. ಹಿಂದಿನ ಗೋಡೆಯ ಕಲ್ಲುಗಳ ಸಂದಿನಿಂದ ಹಳೆಯ ಸುಣ್ಣ ಉದುರುತ್ತಿತ್ತು. ಮಳೆಗಾಲದೊಳಗೆ ಸಂದು ಮುಚ್ಚಿಸು ಎಂದು ದೊಡ್ಡ ಸಾಹೇಬರು ಹೇಳಿದರು. ಎಂಟು ದಿನದಲ್ಲಿ ಮುಗಿಸುತ್ತೇನೆಂದು ಎದೆ ಉಬ್ಬಿಸಿ ಹೇಳಿ, ಸಿಮೆಂಟು ತರಿಸಿದೆ.

ಕೂಲಿಗಳನ್ನು ಕರೆತರುವ ಮೇಸ್ತ್ರಿ, ಮುಕಾದಮನ ತಂಡದಲ್ಲಿ ಯಾದಗಿರಿ ಕಡೆಯ ಒಬ್ಬಾಕೆ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ನಾನು ಕನ್ನಡದವನೆಂದು ತಿಳಿದ ದಿನ ಅವಳ ಮುಖ ಅರಳಿತ್ತು. ಅಂದಿನಿಂದ ನಾನು ಅವಳಿಗೆ ತಮ್ಮ. ಸಿಮೆಂಟಿನ ಚೀಲ ನೋಡಿ ಅವಳು ಬುಟ್ಟಿ ಕೆಳಗಿಟ್ಟಳು.

"ತಮ್ಮಾ, ಇದು ಸುಣ್ಣದ ಗ್ವಾಡಿ ಅದ. ಸಿಮೆಂಟ್ ಮೆತ್ತಬ್ಯಾಡ. ಒಳಗ ಹೊಕ್ಕ ನೀರಿಗಿ ಹೊರಗ ಬರ್ಲಾಕ ದಾರಿನೇ ಇರಂಗಿಲ್ಲ."

"ಮತ್ತೇನ್ ಮಾಡೂದು ಅಕ್ಕಾ?"

"ಸುಣ್ಣ ನೆನಿಹಾಕು. ಒಂದು ತಿಂಗಳು ನೆನೀಲಿ. ಆಮ್ಯಾಲ ಉಸುಕು, ಬೆಲ್ಲದ ನೀರು ಹಾಕಿ ಅರದು ಕೊಡ್ತೀನಿ. ನಮ್ಮಪ್ಪ ಸುಣ್ಣ ಸುಡಾಂವ ಇದ್ದ."

"ತಿಂಗಳು ಯಾರು ಕಾಯ್ತಾರ? ಅಷ್ಟರಾಗ ಮಳಿ ಬರ್ತದ."

"ಇಷ್ಟು ವರ್ಷ ನಿಂತ ಗ್ವಾಡಿ ಇನ್ನೊಂದು ಮಳಿ ತಡೀತದ. ನಿನಗೇ ತಡ್ಯಾಕ ಆಗವಲ್ದು," ಎಂದು ನಕ್ಕಳು.

ಮರುದಿನ ದೊಡ್ಡ ಸಾಹೇಬರು ಕೆಲಸ ನೋಡಲು ಬಂದರು. ಅವಳು ಸೀದಾ ಅವರ ಮುಂದೆ ಹೋಗಿ ನಿಂತು, ಗೋಡೆ ತೋರಿಸುತ್ತ, ನನಗೆ ಹೇಳಿದ್ದನ್ನೇ ಕನ್ನಡದಲ್ಲಿ ಹೇಳಿದಳು. ಮರಾಠಿಯಲ್ಲಿ ತಿಳಿಸಿ ಹೇಳಲು ತಮ್ಮ ಇದ್ದಾನಲ್ಲ ಎಂಬ ಧೈರ್ಯ. ಸಾಹೇಬರು ನನ್ನ ಕಡೆ ತಿರುಗಿದರು. "ಕಾಯ್ ಮ್ಹಣತೆ?" ಏನಂತಾಳೆ?

ನನ್ನ ಎಂಟು ದಿನದ ಮಾತು ಮಣ್ಣುಪಾಲಾಗುವುದು ಕಣ್ಣಿಗೆ ಕಂಡಿತು. ಕೂಲಿ ಹೆಂಗಸು ಇಂಜಿನಿಯರನಿಗೆ ಪಾಠ ಹೇಳಿದಳೆಂದು ಆಫೀಸಿನವರು ಆಡಿಕೊಳ್ಳುವುದೂ ಕಂಡಿತು. ಬಾಯಿಗೆ ಬಂದದ್ದು ಮರಾಠಿಯಲ್ಲಿ ಹೇಳಿದೆ. ಊರಿಗೆ ಹೋಗಬೇಕಂತೆ ಸಾಹೇಬ್, ಸುಟ್ಟಿ ಕೇಳುತ್ತಿದ್ದಾಳೆ.

ಸಾಹೇಬರು ಒಳ್ಳೆಯವರು. ಪಾಪ, ಹೋಗಿ ಬರಲಿ ಎಂದು ಮುಕಾದಮನಿಗೆ ಹೇಳಿ ಮುಂದೆ ನಡೆದರು. ಅವಳ ಬಾಯಿ ಮೊದಲೇ ಹಿಡಿಸದ ಮುಕಾದಮ ಅಂದು ಸಂಜೆಯೇ, ನಾಳೆಯಿಂದ ಬರಬೇಡ ಎಂದ. ಅವಳು ಬುಟ್ಟಿ ಎತ್ತಿಕೊಂಡು ನನ್ನ ಮುಂದೆ ಒಂದು ಗಳಿಗೆ ನಿಂತಳು. "ಬರ್ತೀನ್ರಿ ಸಾಹೇಬ್ರ," ಎಂದಳು. ಬೆಳಿಗ್ಗೆಯವರೆಗೆ ನಾನು ತಮ್ಮನಾಗಿದ್ದೆ.

ಅವಳಿಗೆ ಮರಾಠಿ ಬರುವುದಿಲ್ಲ, ದೊಡ್ಡ ಸಾಹೇಬರೇ ತೆಗೆದರೆಂದು ತಿಳಿದಿರುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಸಮಾಧಾನ! ನಾನಂದ ಸುಟ್ಟಿ ಅವಳಿಗೆ ತಿಳಿಯದ ಮಾತಲ್ಲ; ರಜೆಗೆ ನಮ್ಮ ಕಡೆಯ ಕನ್ನಡದಲ್ಲೂ ಸೂಟಿ ಎಂದೇ ಅನ್ನುತ್ತೇವೆ.

ಎಂಟು ದಿನದಲ್ಲಿ ಕೆಲಸ ಮುಗಿಯಿತು, ನೌಕರಿ ಕಾಯಂ ಆಯಿತು. ಆ ವರ್ಷದ ಮಳೆ ನಿಂತು ದೀಪಾವಳಿ ಕಳೆದರೂ ಗೋಡೆಯ ಒಳಮೈ ಒಣಗಲಿಲ್ಲ. ಗಿಲಾವಿನ ಗಾರೆ ಉಬ್ಬಿತು, ಹೊಪ್ಪಳೆಯಾಗಿ ಬಿತ್ತು. ಗೋಡೆಗೆ ಒರಗಿಸಿದ ಕಪಾಟಿನ ಫೈಲುಗಳಿಗೆ ಬೂಸಲು ಬಂತು. ಪ್ರತಿ ವರ್ಷ ಇಷ್ಟಿಷ್ಟೇ ಹೆಚ್ಚಾಯಿತು. ಬೇರೆ ಆಫೀಸಿಗೆ ವರ್ಗ ಬಂದಾಗ ಕೈಕಾಲು ಹಿಡಿದು ತಪ್ಪಿಸಿಕೊಂಡೆ. ಮನೆಯಲ್ಲಿ ಮಳೆಯ ಸದ್ದಾದರೆ ಎದ್ದು ಓಡಾಡುತ್ತಿದ್ದೆ. ಹೆಂಡತಿ ಕೇಳಿದರೆ ಸೆಕೆ ಎನ್ನುತ್ತಿದ್ದೆ.

ಹೊಸ ಶತಮಾನ ಬಂತು. ನಮ್ಮ ಕಟ್ಟಡ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿತು. ಪ್ಲೈವುಡ್ ಕಿತ್ತರು, ಕಮಾನುಗಳು ಉಸಿರಾಡಿದವು. ಹಳೆಯ ಕಟ್ಟಡಗಳ ಕೆಲಸ ಬಲ್ಲ ಆರ್ಕಿಟೆಕ್ಟ್ ಮೇಡಂ ಒಬ್ಬರು, ಹೊಸದಾಗಿ ಬಂದ ಸಾಹೇಬರ ಜೊತೆ ಗೋಡೆ ನೋಡಲು ಬಂದರು. ಕೀಲಿಕೈಯಿಂದ ಸಂದನ್ನು ಕೆರೆದು, "ಸಿಮೆಂಟು ಹಚ್ಚಿದ್ದು ಯಾರು?" ಎಂದರು.

"ನಾನು," ಎಂದೆ. ಅರ್ಧ ನಿಜ ಹೇಳುವುದು ಅಷ್ಟೇನೂ ಕಷ್ಟವಲ್ಲ ಎಂದು ಅಂದು ಗೊತ್ತಾಯಿತು.

ಸಿಮೆಂಟು ಕೆತ್ತಿ ತೆಗೆದು ಸುಣ್ಣ ತುಂಬಬೇಕು, ಆದರೆ ಸುಣ್ಣ ಬಲ್ಲವರು ಸಿಗುವುದಿಲ್ಲ ಎಂದರು ಮೇಡಂ. ಒಬ್ಬರಿದ್ದಾರೆ ಎಂದೆ. ಪುಣೆಯ ಅಂಚಿನ ವಾಕಡದಲ್ಲಿ ಅವಳ ಊರ ಕಡೆಯ ಕೂಲಿಗಳಿದ್ದರು; ಅಲ್ಲಿ ಏಳುತ್ತಿದ್ದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಮಗ್ಗುಲಿನ ತಗಡಿನ ಶೆಡ್ಡುಗಳಲ್ಲಿ ಮೂರು ಭಾನುವಾರ ಹುಡುಕಿದೆ. ಸಿಕ್ಕಳು. ತಲೆ ಬೆಳ್ಳಗಾಗಿತ್ತು, ಕೈಗಳು ಕಾಂಕ್ರೀಟಿಗೆ ಬಿರಿದಿದ್ದವು. ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದರೆ ಬರೀ ಸುಣ್ಣದ ಮಾತು ಬಂತು. ಅವಳು ಎಲ್ಲ ಕೇಳಿ, "ಗುಂಡಿ ತೋಡಸ್ರಿ. ಒಂದು ತಿಂಗಳು ಕಾಯಬೇಕ್ರಿ," ಎಂದಳು.

ಕಾದೆ. ದಿನಾ ಗುಂಡಿಯ ಸುತ್ತ ಹತ್ತು ಸಲ ತಿರುಗಿದೆ.

ತಿಂಗಳು ತುಂಬಿದ ದಿನ ಸಾಹೇಬರು, ಮೇಡಂ ಗುಂಡಿಯ ಹತ್ತಿರ ನಿಂತಿದ್ದರು. ಅವಳು ಕೋಲಿನಿಂದ ಸುಣ್ಣ ಎತ್ತಿ ನೋಡಿದಳು, ಬೆಣ್ಣೆಯಂತಿತ್ತು. ತಲೆಯಾಡಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು.

"ನೀವು ಕೊಡಿಸಿದ ಸೂಟಿ ಇವತ್ತಿಗಿ ಮುಗೀತ್ರಿ, ಸಾಹೇಬ್ರ."

ಸಾಹೇಬರು ನನ್ನ ಕಡೆ ತಿರುಗಿದರು. "ಕಾಯ್ ಮ್ಹಣತೆ?"

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಯಾವ ಸೂಟಿ ಎಂದು ಸಾಹೇಬರು ಕೇಳಿದರು. ಅದನ್ನೂ ಹೇಳಿದೆ.