ಖಾಲಿ ಹಜಾರದ ಫೋಟೊ

ಊರಿಗೆಲ್ಲ ಅವರು ಪಾಸ್‌ಪೋರ್ಟ್ ಮಾವ. ಹಾಗಂತ ದೇಶ ಸುತ್ತಿದವರೇನಲ್ಲ. ಅರ್ಧ ಊರನ್ನು ತಮ್ಮ ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ, ಅರ್ಜಿಗೆ ಅಂಟಿಸುವ ಫೋಟೊ ತೆಗೆದವರು. ಅವರಿಗಿದ್ದ ಕೊರಗು ಒಂದೇ. ಎಷ್ಟು ಚೆನ್ನಾಗಿ ತೆಗೆದರೂ ಯಾವನೋ ಗುಮಾಸ್ತ ಆ ಮುಖದ ಮೇಲೆ ಸೀಲು ಗುದ್ದುತ್ತಾನೆ. ಸಾಯುವುದರೊಳಗೆ ತಾನು ತೆಗೆದ ಒಂದಾದರೂ ಫೋಟೊ ಗೋಡೆ ಏರಬೇಕು, ಅಷ್ಟೇ ಆಸೆ.

ಹಾಗಿರುವಾಗ ಹಳೇ ರೈಲು ನಿಲ್ದಾಣದ ಸ್ಟೇಷನ್ ಮಾಸ್ತರರು ಕರೆಸಿದರು. ನಾಳೆ ಬಣ್ಣ ಬಳಿಯುವವರು ಬರುತ್ತಾರೆ, ಅದಕ್ಕೆ ಮೊದಲು ದೊಡ್ಡ ಹಜಾರದ ಫೋಟೊ ಬೇಕು. "ಗುಮ್ಮಟ, ಕಂಬ ಎಲ್ಲ ಬರ್ಬೇಕು. ಚೆನ್ನಾಗಿದ್ರೆ ಇಲ್ಲೇ ಗೋಡೆಗೆ ಹಾಕಿಸ್ತೀನಿ. ಆದ್ರೆ ಒಂದು ನರಪಿಳ್ಳೆನೂ ಕಾಣಬಾರದು!"

"ಹಾಡುಹಗಲು ಸ್ಟೇಷನ್ನಲ್ಲಿ ಜನ ಇಲ್ದೇ ಫೋಟೋನಾ? ನಿಮಗೆಲ್ಲೋ ತಲೆ ಕೆಟ್ಟಿದೆ," ಎಂದರು ಹೆಂಡತಿ.

"ನೋಡ್ತಿರು. ಕ್ಯಾಮೆರಾ ಕಣ್ಣು ಅರ್ಧ ನಿಮಿಷ ತೆರೆದಿಟ್ರೆ, ಓಡಾಡೋರು ಚಿತ್ರದಲ್ಲಿ ಮೂಡೋದೇ ಇಲ್ಲ. ನಿಂತಿರೋದು ಮಾತ್ರ ಉಳಿಯುತ್ತೆ."

ಮಾತು ನಿಜವೇ. ಹಜಾರದ ಮೆಟ್ಟಿಲ ಮೇಲೆ ಕ್ಯಾಮೆರಾದ ಮುಕ್ಕಾಲಿ ನಿಲ್ಲಿಸಿದರು. ಎತ್ತರದ ಕಿಟಕಿಗಳಿಂದ ಬಿಸಿಲು ನೆಲಕ್ಕಿಳಿದಿತ್ತು. ಜನ ಇರುವೆ ಸಾಲಿನಂತೆ ಹರಿಯುತ್ತಿದ್ದರು; ಒಬ್ಬರೂ ನಿಂತಿರಲಿಲ್ಲ. ಇದಕ್ಕಿಂತ ಇನ್ನೇನು ಬೇಕು! ಮಾವ ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಒತ್ತಿದ್ದೇ ತಡ, ಹುಟ್ಟುಗುಣ ಸುಟ್ಟರೂ ಹೋದೀತೇ, ಸ್ಟುಡಿಯೋದ ಗಂಟಲು ತಾನಾಗಿ ತೆರೆದುಕೊಂಡಿತು.

"ಅಲ್ಲಾಡಬೇಡೀ! ಇಲ್ಲಿ ನೋಡಿ!"

ಗುಮ್ಮಟ ಆ ಕೂಗನ್ನು ಮೂಲೆಮೂಲೆಗೂ ಹಂಚಿತು. ಇಡೀ ಹಜಾರ ಗಕ್ಕನೆ ನಿಂತಿತು. ಪೆಟ್ಟಿಗೆ ಹೊತ್ತ ಕೂಲಿಯಣ್ಣ, ಪೊರಕೆ ಎತ್ತಿದಾಕೆ, ಮೂಗು ಒರೆಸುತ್ತಿದ್ದ ಅಜ್ಜಿ, ಎಲ್ಲರೂ ಗದ್ದ ಎತ್ತಿ ಕ್ಯಾಮೆರಾ ನೋಡಿದರು. ಅದೂ ಅರ್ಧ ನಿಮಿಷ ಪೂರ್ತಿ! ಅಷ್ಟು ಚೆನ್ನಾಗಿ ಪಾಠ ಕಲಿಸಿದ್ದವರೂ ಮಾವನೇ.

"ಅಯ್ಯೋ ಕೆಟ್ಟೆ!" ಎಂದು ತಲೆ ಚಚ್ಚಿಕೊಂಡರು. ಮತ್ತೆ ತೆಗೆಯೋಣವೆಂದರೆ, "ನಂದು ಚೆನ್ನಾಗಿ ಬಂತಾ ಮಾವ?" ಎಂದು ಜನ ಮುಕ್ಕಾಲಿಗೇ ಮುತ್ತಿಕೊಂಡರು. ಅಷ್ಟರಲ್ಲಿ ಬಿಸಿಲೂ ಜಾರಿತ್ತು.

ಫೋಟೊ ನೋಡಿ ಮಾಸ್ತರರು ಕೆಂಡಾಮಂಡಲವಾದರು. "ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಅದ್ಯಾರ್ರೀ ಅಲ್ಲಿ, ಆಫೀಸ್ ಬಾಗಿಲಲ್ಲಿ ಬೊಂಬೆ ಥರ ನಿಂತಿರೋದು?"

"ತಾವೇ ಸಾರ್."

ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಹ್ಞೂಂ... ಪರವಾಗಿಲ್ಲ. ಮೊಳೆ ಹೊಡೆಸಿ."

ಫೋಟೊ ಗೋಡೆ ಏರಿದ ದಿನ ಮಾವ ಹೆಂಡತಿಯನ್ನು ಕರೆದುಕೊಂಡು ಹೋದರು. ಅದರ ಮುಂದೆ ಕಾಲಿಡಲು ಜಾಗವಿಲ್ಲ. ಕತ್ತು ಚಾಚಿ ಇಣುಕಿದರೆ, ಕೂಲಿಯಣ್ಣ ತಿರುಗಿಯೂ ನೋಡದೆ ಮೊಣಕೈಯಿಂದ ತಿವಿದ.

"ಸರೀರಿ ಸ್ವಾಮಿ ಆ ಕಡೆ, ಅದರಲ್ಲಿ ನಾನಿದೀನಿ!"

ಮಾವ ಸರಿದು ನಿಂತರು. ಜನ್ಮದಲ್ಲಿ ಅಷ್ಟು ಖುಷಿಯಿಂದ ಅವರು ಯಾರಿಗೂ ದಾರಿ ಬಿಟ್ಟಿರಲಿಲ್ಲ.